ಅದಿರಿನ ಗುಡ್ಡದಲ್ಲಿ ಆರ್ಕಿಡ್

ಹೊಸಪೇಟೆಯಿಂದ ಸಂಡೂರಿಗೆ ಹೊರಟರೆ ರಸ್ತೆಬದಿಯ ಎಲೆಗಳೆಲ್ಲ ಕೆಂಪು. ಅದಿರಿನ ಲಾರಿಗಳ ಹಿಂದೆ ತೆವಳುತ್ತ ಬಂದವರಿಗೆ ಇಲ್ಲಿ ಆರ್ಕಿಡ್ ಅರಳುತ್ತದೆ ಎಂದರೆ ನಗು ಬಂದೀತು. 1934ರಲ್ಲಿ ಬಂದಿದ್ದ ಗಾಂಧೀಜಿ ಸೆಪ್ಟೆಂಬರಿನ ಸಂಡೂರನ್ನು ಮೆಚ್ಚಿದ್ದರೆಂದು ಊರವರು ಈಗಲೂ ಹೇಳುತ್ತಾರೆ. ಕುಮಾರಸ್ವಾಮಿ ಗುಡಿಯ ಬೆಟ್ಟ ಏರುತ್ತಿದ್ದಂತೆ ನನಗೂ ಆ ಮಾತು ದಿಟವೆನ್ನಿಸಿತು. ದೂಳು ಕೆಳಗೇ ಉಳಿದಿತ್ತು.

ತಲೆಯ ತುಂಬ ಇದ್ದದ್ದು ಮಾತ್ರ ಬೇರೊಂದು ಹೂ, ಪಾದುಕೆಯಾಕಾರದ ‘ಲೇಡೀಸ್ ಸ್ಲಿಪ್ಪರ್’. ದಕ್ಷಿಣ ಭಾರತದ ಕಾಡುಗಳಲ್ಲಿ ಅದರದು ಒಂದೇ ಜಾತಿ, ಪಾಫಿಯೊಪೆಡಿಲಮ್ ಡ್ರೂರಿ. ಅದರ ನೆಲೆ ದೂರದ ಅಗಸ್ತ್ಯಮಲೆ. ಹಳದಿ ಎಸಳು, ನಟ್ಟನಡುವೆ ಕಂದು ಗೆರೆ, ಮುಂದೆ ಚೀಲ. ಚೀಲಕ್ಕೆ ಜಾರಿಬಿದ್ದ ಕೀಟ ಹಿಂಬದಿಯ ಕಿಂಡಿಯಲ್ಲಿ ನುಸುಳಿಯೇ ಹೊರಬರಬೇಕು. ಆಗ ಪರಾಗ ಮೈಗೆ ಮೆತ್ತಿಕೊಳ್ಳುತ್ತದೆ. ಗುರುತು ಹಿಡಿಯಲು ಚೀಲವೊಂದನ್ನೇ ನೆಚ್ಚಬಾರದು. ಕೆಳಗಿನ ಎರಡು ಪುಷ್ಪಪತ್ರಗಳು ಬೆಸೆದು ಒಂದಾಗಿವೆಯೇ, ಪರಾಗ ಕೊಡುವ ಕೇಸರ ಎರಡಿವೆಯೇ ಎಂದು ನೋಡಬೇಕು. ಉಳಿದ ಆರ್ಕಿಡ್‌ಗಳಲ್ಲಿ ಬಹುತೇಕ ಒಂದೇ.

ಹುಲ್ಲಿನ ನಡುವೆ, ನೆಲಕ್ಕೆ ಅಂಟಿದ ಎರಡು ಅಗಲ ಎಲೆಗಳ ಮೇಲೆ ಬಿಳಿ ಹೂಗೊಂಚಲೊಂದು ಎದ್ದು ನಿಂತಿತ್ತು. ಮಂಡಿಯೂರಿ ಕುಳಿತೆ. ಹೂವಿನ ಕೆಳಗಿನ ಅಂಡಾಶಯ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು! ಮೊಗ್ಗಿನಲ್ಲಿ ಮೇಲಿದ್ದ ತುಟಿದಳ, ಅರಳುವಾಗ ಹೀಗೆ ತಿರುಗಿ ಕೆಳಗೆ ಬರುತ್ತದೆ. ತುಟಿಯ ಬೆನ್ನಿಗೆ ತೆಳ್ಳನೆಯ ಉದ್ದ ನಳಿಗೆ, ಅದರ ತುದಿಯಲ್ಲಿ ಮಕರಂದ. ಇದು ಹ್ಯಾಬೆನೇರಿಯಾ. ಪುಷ್ಪಪತ್ರಗಳು ಬಿಡಿಬಿಡಿ, ಕೇಸರ ಒಂದು, ಪಾದುಕೆಯ ಕುಲವಲ್ಲ. ಅಲ್ಲಿ ಕೀಟವನ್ನು ಬೀಳಿಸುವ ಹೊಂಚು, ಇಲ್ಲಿ ನಾಲಗೆಯ ಅಳತೆ ನೋಡುವ ಪರೀಕ್ಷೆ. ಉದ್ದ ನಾಲಗೆಯ ಪತಂಗಕ್ಕಷ್ಟೇ ಊಟ, ಹೋಗುವಾಗ ಮುಖಕ್ಕೆ ಪರಾಗದ ಗಂಟು.

“ಏನ್ ಹುಡುಕಾಕತ್ತೀರಿ ಸರ?” ಕುರಿ ಕಾಯುವ ಅಜ್ಜ ಕೇಳಿದರು.

“ಈ ಹೂವಿಗೆ ಸಂಜೀಮುಂದ ಪತಂಗ ಬರ್ತಾವ, ಅಜ್ಜ. ಕಾಯ್ತೀನಿ.”

“ಪತಂಗ ಬರೋ ಹೊತ್ತಿಗೆ ಕರಡೀನೂ ಬರ್ತಾವ.”

ಚೀಲ ಹೆಗಲಿಗೇರಿಸಿ ಅವರ ಕುರಿಗಳಿಗಿಂತ ಮುಂದಾಗಿ ಇಳಿದೆ.