ಉರುಮೆಯ ದನಿ

ಸಂಗೀತಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ಇದು ಯಾವ ರಾಗವೆಂದು ಯಾರಾದರೂ ಕೇಳಿದರೆ ಮೆಲ್ಲನೆ ಮಾತು ಬದಲಿಸುವವರ ಗುಂಪಿಗೆ ಸೇರಿದವನು ನಾನು. ಆದರೆ ಕೆಲವು ದನಿಗಳು ಕಿವಿಯಲ್ಲಿ ನಿಲ್ಲದೆ ನೇರವಾಗಿ ಎದೆಗೆ ಇಳಿಯುತ್ತವೆಂಬುದನ್ನು ಅರಿಯಲು ಶಾಸ್ತ್ರಜ್ಞಾನವೇನೂ ಬೇಕಾಗಿಲ್ಲ. ಹಾಗೆ ನನ್ನೊಳಗೆ ಇಳಿದ ದನಿಗಳು ಎರಡು: ಒಂದು ನಮ್ಮ ಚಿತ್ರದುರ್ಗ ಸೀಮೆಯ ಉರುಮೆಯದು, ಇನ್ನೊಂದು ಅಮೆರಿಕದ ಕಪ್ಪು ಜನರ ‘ಸೋಲ್’ ಸಂಗೀತದ್ದು.

ಉರುಮೆಯನ್ನು ಕಾಣದವರಿಗಾಗಿ ಒಂದು ಮಾತು. ಅದು ಎರಡು ಮುಖಗಳುಳ್ಳ, ನಡು ಸಣ್ಣಗಿರುವ ಚರ್ಮವಾದ್ಯ. ಒಂದು ಮುಖವನ್ನು ಕಡ್ಡಿಯಿಂದ ಬಡಿಯುತ್ತಾರೆ. ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವ ಸದ್ದು ಬೇರಾವ ವಾದ್ಯಕ್ಕೂ ಇಲ್ಲ. ಅದು ನರಳಿಕೆಯೂ ಹೌದು, ಗರ್ಜನೆಯೂ ಹೌದು. ಜೊತೆಗೆ ಬೆಂಕಿಯಲ್ಲಿ ಕಾಯಿಸಿ ಬಿಗಿಗೊಳಿಸಿದ ತಮಟೆಗಳು ಸೇರಿದರೆ ಕೈಕೂಸಿನ ಕಾಲೂ ಕುಣಿಯುತ್ತದೆ.

ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಬೆಂಗಳೂರಿನಿಂದ ಒಂದು ಕ್ಯಾಸೆಟ್ಟು ತಂದಿದ್ದ. ಚಂದ್ರವಳ್ಳಿಯ ಕೆರೆಯ ಬಳಿ ಬಂಡೆಯೊಂದರ ಮೇಲೆ ಕುಳಿತು ಅದನ್ನು ಕೇಳಿದೆವು. ಹಾಡುತ್ತಿದ್ದವನು ರೇ ಚಾರ್ಲ್ಸ್. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡವನು. ಅವನ ಇಂಗ್ಲಿಷು ನಮಗೆ ಅರ್ಧವೂ ತಿಳಿಯಲಿಲ್ಲ. ಮಾತು ಮುಗಿದ ಮೇಲೆ ಅವನು ಎಳೆದ ನರಳಿಕೆಯೊಂದು ಮಾತ್ರ ಪೂರ್ತಿಯಾಗಿ ತಿಳಿಯಿತು. “ಇದು ನಮ್ಮ ಉರುಮೆ ಅಲ್ಲವೇನೋ!” ಎಂದ ಗೆಳೆಯ.

ಸೋಲ್ ಎಂದರೆ ಆತ್ಮ, ಜೀವ. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದು ಮಾರಿದ ಜನರ ಮಕ್ಕಳು ಹತ್ತಿಯ ಹೊಲಗಳಲ್ಲಿ ದುಡಿಯುತ್ತ ಹಾಡಿದರು, ಇಗರ್ಜಿಗಳಲ್ಲಿ ಸೇರಿ ಹಾಡಿದರು. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುವುದು ಅವರ ಕ್ರಮ. ನಮ್ಮ ಸೋಬಾನೆಯ ಹೆಂಗಸರದೂ ಅದೇ. 1954ರಲ್ಲಿ ರೇ ಚಾರ್ಲ್ಸ್ ದೇವರ ಹಾಡಿನ ಧಾಟಿಗೆ ಲೌಕಿಕ ಪ್ರೇಮದ ಮಾತುಗಳನ್ನು ಹೊಂದಿಸಿ ಹಾಡಿದಾಗ ಭಕ್ತರು ಕೆರಳಿದರು, ಹುಡುಗರು ಕುಣಿದರು. ಸೋಲ್ ಸಂಗೀತ ಬೆಳೆದದ್ದು ಹೀಗೆ.

ಗುಲಾಮಗಿರಿ 1865ರಲ್ಲೇ ರದ್ದಾಗಿದ್ದರೂ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಬಾಗಿಲು, ಬೇರೆ ಆಸನ. ಅವರ ಹಾಡು ಎಲ್ಲರಿಗೂ ಬೇಕು, ಅವರು ಮಾತ್ರ ಬೇಡ. 1961ರಲ್ಲಿ ಜಾರ್ಜಿಯಾ ರಾಜ್ಯದ ಅಗಸ್ಟಾ ನಗರದಲ್ಲಿ ರೇ ಚಾರ್ಲ್ಸ್ ಹಾಡಬೇಕಾಗಿತ್ತು. ನರ್ತಿಸುವ ಅಂಗಳ ಬಿಳಿಯರಿಗೆ, ಮೇಲಿನ ಅಟ್ಟಣೆ ಕಪ್ಪು ಜನರಿಗೆ ಎಂದು ತಿಳಿದೊಡನೆ ಅವನು ಹಾಡಲು ಒಲ್ಲೆನೆಂದು ಹೊರಟುಹೋದ. ಅದಕ್ಕಾಗಿ ನಷ್ಟ ತುಂಬಿಕೊಡಬೇಕಾಯಿತು, ತುಂಬಿಕೊಟ್ಟ. ಅವನು ಹಾಡಿದ ಹಾಡೊಂದನ್ನೇ 1979ರಲ್ಲಿ ಆ ರಾಜ್ಯ ತನ್ನ ನಾಡಗೀತೆಯಾಗಿ ಸ್ವೀಕರಿಸಿತು. ಸ್ಯಾಮ್ ಕುಕ್ ಎಂಬ ಇನ್ನೊಬ್ಬ ಗಾಯಕ 1963ರಲ್ಲಿ ತನಗೆ ಕೋಣೆ ನಿರಾಕರಿಸಿದ ಹೋಟೆಲಿನ ಮುಂದೆ ಜಗಳವಾಡಿ ಸೆರೆಯಾದ. ತನ್ನ ಹಾಡುಗಳ ಒಡೆತನ ತನ್ನಲ್ಲೇ ಉಳಿಯಬೇಕೆಂದು ಹಟ ಹಿಡಿದವನೂ ಅವನೇ. ಅವರ ಕಂಠಗಳನ್ನು ಲೋಕವೆಲ್ಲ ಹೊಗಳುತ್ತದೆ. ನನಗೆ ಆ ಕಂಠಗಳಷ್ಟೇ ದೊಡ್ಡದಾಗಿ ಕಾಣುವುದು ಅವರ ‘ಒಲ್ಲೆ’ ಎಂಬ ಮಾತು.

ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಕೆರೆ ಕಟ್ಟಿಸಿದ ಅರಸನ ಹೆಸರು, ಅವನು ಗೆದ್ದವರ ಹೆಸರುಗಳು ಅದರಲ್ಲಿವೆ. ಮಣ್ಣು ಹೊತ್ತವರ ಹೆಸರಿಲ್ಲ. ಡೆಟ್ರಾಯಿಟ್ ನಗರದಲ್ಲಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಬೆರಿ ಗಾರ್ಡಿ ಆರಂಭಿಸಿದ ಮೋಟೌನ್ ಸಂಸ್ಥೆಯ ತಟ್ಟೆಗಳೂ ಈ ವಿಷಯದಲ್ಲಿ ನಮ್ಮ ಶಾಸನದಂತೆಯೇ. ಗಾಯಕರ ಹೆಸರಿರುತ್ತಿತ್ತು, ಹಿಂದೆ ನುಡಿಸಿದವರ ಹೆಸರಿರುತ್ತಿರಲಿಲ್ಲ. ಆ ವಾದ್ಯಗಾರರ ಹೆಸರುಗಳು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಹಾಡಿದ ಒಂದು ತಟ್ಟೆಯ ಹೊದಿಕೆಯ ಮೇಲೆ.

ಇನ್ನು ನಮ್ಮ ಉರುಮೆಯವರು. ಅವರ ವಾದ್ಯವಿಲ್ಲದೆ ತೇರು ಕದಲದು, ಆದರೆ ಗುಡಿಯ ಹೊಸ್ತಿಲು ಅವರಿಗಿಲ್ಲ. ಹುಡುಗನಾಗಿದ್ದಾಗ ನಾನು ಕಂಡ ಮದುವೆಗಳಲ್ಲಿ ಅವರಿಗೆ ಕಾಫಿ ಕೊಡುತ್ತಿದ್ದುದು ತೆಂಗಿನ ಚಿಪ್ಪಿನಲ್ಲಿ. ಬಾರಿಸುವುದು ಕಲೆಯಾಗಿರಲಿಲ್ಲ, ಹುಟ್ಟಿನಿಂದ ಬಂದ ಬಿಟ್ಟಿಚಾಕರಿಯಾಗಿತ್ತು. ಆದಕಾರಣ ಅವರ ಮಕ್ಕಳಲ್ಲಿ ಹಲವರು ತಮಟೆಯನ್ನು ಮುಟ್ಟುವುದಿಲ್ಲವೆಂದು ಶಪಥಮಾಡಿದರು. ಅವರನ್ನು ಕಂಡು ‘ಜಾನಪದ ನಾಶವಾಯಿತು’ ಎಂದು ಮರುಗುವವರ ಜೊತೆ ನಾನು ಸೇರಲಾರೆ. ಇನ್ನು ಕೆಲವರು ಅದೇ ತಮಟೆಯನ್ನು ಬೀದಿಗೆ ತಂದರು. 1970ರ ದಶಕದ ದಲಿತ ಚಳವಳಿಯಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾದ 1975ರ ಆಸುಪಾಸಿನಲ್ಲಿ, ಹಬ್ಬಕ್ಕೂ ಸಾವಿಗೂ ಬಾರಿಸುತ್ತಿದ್ದ ವಾದ್ಯ ನ್ಯಾಯ ಕೇಳಲು ಮೊಳಗಿತು. 2023ರಲ್ಲಿ ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಸಂದಿತು.

ಈಚೆಗೆ ನಮ್ಮ ಕಡೆಯ ಒಂದು ಊರಿನ ಜಾತ್ರೆಗೆ ಉರುಮೆಯವರನ್ನು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೇಳದ ಮುಂದಾಳು ಇಪ್ಪತ್ತೈದರ ಯುವಕ. ಸಂಭಾವನೆ ಇಷ್ಟೆಂದ, ಊಟ ಎಲ್ಲರ ಪಂಕ್ತಿಯಲ್ಲೇ ಎಂದ. ಜಗುಲಿಯ ಮೇಲೆ ಕುಳಿತಿದ್ದ ಅವನ ತಂದೆ ಕಣ್ಣರಳಿಸಿ ಮಗನನ್ನೇ ನೋಡುತ್ತಿದ್ದರು. ನಾನು ಏಳುವಾಗ ಯುವಕ ನನ್ನ ಕೈಯಲ್ಲಿದ್ದ ಕರಪತ್ರವನ್ನು ಕೇಳಿ ಪಡೆದು ಓದಿದ.

“ಮೇಷ್ಟ್ರೇ, ಆರ್ಕೆಸ್ಟ್ರಾದವರ ಹೆಸರು ಹಾಕಿದೀರಿ, ಶಾಮಿಯಾನದವರ ಹೆಸರೂ ಹಾಕಿದೀರಿ. ನಾವು ಐದು ಜನ. ನಮ್ಮವೂ ಬರಬೇಕು.”

ಕರಪತ್ರಗಳು ಆಗಲೇ ಅಚ್ಚಾಗಿದ್ದವು, ಐನೂರು. ಸಮಿತಿಯವರು ಸ್ವಲ್ಪ ಗೊಣಗಿದರು. ಕೊನೆಗೆ ನಾನೂ ಶಾಲೆಯ ನಾಲ್ವರು ಹುಡುಗರೂ ಕುಳಿತು ಐನೂರರ ಮೇಲೂ ಆ ಐದು ಹೆಸರುಗಳನ್ನು ಕೈಯಲ್ಲಿ ಬರೆದೆವು. ಎರಡು ಸಂಜೆ ಹಿಡಿಯಿತು.