ಕಾಪುವಿನ ಬಂಡೆಯ ಮೇಲೊಂದು ದೀಪ

ಉಡುಪಿಯಿಂದ ಮಂಗಳೂರಿನ ಕಡೆಗೆ ಹೊರಟು ಕಾಪು ಪೇಟೆಯಲ್ಲಿ ಪಡುವಣಕ್ಕೆ ತಿರುಗುತ್ತೇವೆ. ಮಾರಿಗುಡಿಯ ಆಸುಪಾಸಿನಲ್ಲಿ ಶಂಕರಪುರ ಮಲ್ಲಿಗೆಯ ಘಮ. ತುಸು ಮುಂದೆ ಹೋದರೆ ಒಣಮೀನಿನ ವಾಸನೆ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತೆಂಗಿನ ಮರಗಳು ಸರಿದು ದಾರಿ ಕೊಟ್ಟಲ್ಲಿ ಕಡಲು. ಅದರ ಅಂಚಿನ ಬಂಡೆಯ ನೆತ್ತಿಯ ಮೇಲೆ ಕಪ್ಪು-ಬಿಳಿ ಪಟ್ಟೆಗಳ ದೀಪಸ್ತಂಭ!

ಹತ್ತಿರ ಹೋದಷ್ಟೂ ಬಂಡೆ ದೊಡ್ಡದಾಗುತ್ತದೆ. ಭರತದ ಹೊತ್ತು. ಅಲೆಗಳು ಬುಡದ ಸಂದುಗಳಿಗೆ ನುಗ್ಗಿ, ಒಳಗೆಲ್ಲೋ ಗುಡುಗಿ, ಬಿಳಿ ನೊರೆಯಾಗಿ ಹೊರಗೆ ಚಿಮ್ಮುತ್ತಿವೆ. ಮೆಟ್ಟಿಲು ಹತ್ತುತ್ತಿದ್ದಂತೆ ತುಟಿಗೆ ಉಪ್ಪು ಹತ್ತುತ್ತದೆ. ಈ ಗೋಪುರ ಕಟ್ಟಿದ್ದು 1901ರಲ್ಲಿ, ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಕಾಲ. ಎತ್ತರ ಸುಮಾರು 27 ಮೀಟರ್. ಈಗಿನಂಥ ಯಂತ್ರಗಳಿಲ್ಲದ ಆ ದಿನಗಳಲ್ಲಿ ಇಷ್ಟು ಕಲ್ಲು-ಗಾರೆಯನ್ನು ಈ ಬಂಡೆಗೆ ಹೊತ್ತವರ ಹೆಸರು ಯಾವ ಫಲಕದಲ್ಲೂ ಕಾಣಲಿಲ್ಲ.

ಒಳಗೆ ತಂಪು, ಅರೆಗತ್ತಲು. ಸುತ್ತುಮೆಟ್ಟಿಲು ಏರಿದಂತೆ ಕಡಲ ಮೊರೆತ ಕೆಳಗುಳಿದು ನಮ್ಮ ಏದುಸಿರೇ ಜೋರಾಗುತ್ತದೆ. ಮೇಲಿನಿಂದ ಇಳಿಯುವವರು ಗೋಡೆಗೆ ಒರಗಿ ದಾರಿ ಬಿಡುತ್ತಾರೆ. ಕೊನೆಯಲ್ಲಿ ತಲೆ ಬಗ್ಗಿಸಿ ಹೊರಗೆ ಕಾಲಿಟ್ಟರೆ ಗಾಳಿ ಮೈಮೇಲೇ ಬೀಳುತ್ತದೆ.

ಇಲ್ಲಿಂದ ಕರಾವಳಿ ಒಂದೇ ನೋಟಕ್ಕೆ ದಕ್ಕುತ್ತದೆ. ಬಡಗು-ತೆಂಕು ಎರಡೂ ಕಡೆ ಮರಳಿನ ಗೆರೆ, ಅದರ ಹಿಂದೆ ಹಸಿರು, ಹಸಿರಿನ ನಡುವೆ ಹಂಚಿನ ಮಾಡುಗಳ ಕೆಂಪು. ಕಡಲಿಗೂ ಒಂದೇ ಬಣ್ಣವಿಲ್ಲ: ದಡದಲ್ಲಿ ಮಣ್ಣು ಕಲಸಿದ ಹಳದಿ, ಆಮೇಲೆ ಹಸಿರು, ದೂರದಲ್ಲಿ ಕಡುನೀಲಿ. ಒಳನಾಡಿನ ಕಡೆ ತಿರುಗಿದರೆ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಚಿಮಣಿ. ಫೋಟೊ ತೆಗೆಯುವವರು ಅದನ್ನು ಬಿಟ್ಟೇ ಚೌಕಟ್ಟು ಹಾಕುತ್ತಾರೆ. ನನಗೇನೋ ಅದೂ ಈ ಊರಿನದೇ ನೋಟ ಅನಿಸುತ್ತದೆ. ಕಣ್ಣಿಗೆ ಕಾಣದ್ದು ಇನ್ನೊಂದಿದೆ. ಪಾದೂರಿನ ನೆಲದಡಿ, ಬಂಡೆ ಕೊರೆದ ಗುಹೆಗಳಲ್ಲಿ, ದೇಶದ ಆಪತ್ಕಾಲಕ್ಕೆಂದು 25 ಲಕ್ಷ ಟನ್ ಕಚ್ಚಾತೈಲ ತುಂಬಿಡುವಷ್ಟು ಜಾಗ. ಸೀಮೆಎಣ್ಣೆ ದೀಪದಿಂದ ಶುರುವಾದ ಸ್ತಂಭದ ನೆರೆಯಲ್ಲೇ ಇಷ್ಟು ದೊಡ್ಡ ಎಣ್ಣೆ ಕಣಜ!

ಕೆಳಗಿಳಿದು ಬಂದರೆ ಮರಳಿನ ಮೇಲೆ ಮೊಗವೀರರೊಬ್ಬರು ದೋಣಿಗೆ ಒರಗಿ ಬಲೆ ಸರಿಪಡಿಸುತ್ತಿದ್ದಾರೆ. ಬೂತಾಯಿ, ಬಂಗುಡೆಯ ಮಾತು ಮುಗಿದ ಮೇಲೆ ಕೇಳುತ್ತೇನೆ, ‘ಈಗ ಜಿಪಿಎಸ್ ಇದೆಯಲ್ಲ ಅಣ್ಣ, ಈ ಲೈಟ್‌ಹೌಸ್ ಇನ್ನೂ ಬೇಕಾ?’ ಅವರು ನಗುತ್ತಾರೆ. ‘ಅದರ ಚಾರ್ಜು ಹೋದ್ರೆ ಏನು ಮಾಡುವುದು ಮಾರಾಯ್ರೆ? ಇದು ಕಂಡ್ರೆ ಸಾಕು, ಮನೆ ಎಲ್ಲುಂಟು ಅಂತ ಗೊತ್ತಾಗ್ತದೆ.’

ಅವರ ಮಾತಿನ ಹಿಂದೆ ಒಂದು ಜಾಣ ಏರ್ಪಾಡಿದೆ. ಭೂಮಿ ಗುಂಡಗಿರುವುದರಿಂದ ದೀಪ ಎತ್ತರದಲ್ಲಿದ್ದಷ್ಟೂ ದೂರದ ದೋಣಿಗೆ ಕಾಣುತ್ತದೆ. ಅದಕ್ಕೇ ಬಂಡೆಯ ಮೇಲೆ ಗೋಪುರ. ಆದರೆ ಬೆಳಕು ಕಂಡರಷ್ಟೇ ಸಾಲದು, ಅದು ಯಾವ ಊರಿನದೆಂದು ತಿಳಿಯಬೇಕಲ್ಲ? ಹಾಗಾಗಿ ಮಿನುಗುವ ಲಯ ಒಂದೊಂದು ದೀಪಸ್ತಂಭಕ್ಕೆ ಒಂದೊಂದು. ಎಷ್ಟು ಮಿಂಚು, ಎಷ್ಟು ಸೆಕೆಂಡಿಗೊಮ್ಮೆ ಎಂದು ಎಣಿಸಿ, ನಕ್ಷೆ ನೋಡಿ ನಾವಿಕರು ಗುರುತು ಹಿಡಿಯುತ್ತಾರೆ. ಹಗಲಿನಲ್ಲಿ ಆ ಕೆಲಸ ಮೈಮೇಲಿನ ಪಟ್ಟೆಗಳದು.

ಸೂರ್ಯ ನೀರಿಗಿಳಿಯುತ್ತಾನೆ. ಕೆಂಪು, ಕಿತ್ತಳೆ, ನೇರಳೆ. ಜನ ಚಪ್ಪಾಳೆ ತಟ್ಟಿ, ಚರುಮುರಿ ಪೊಟ್ಟಣ ಮುಗಿಸಿ ಗಾಡಿಗಳತ್ತ ಹೊರಡುತ್ತಾರೆ. ಮೇಲೆ ಗಾಜಿನ ಕೋಣೆಯಲ್ಲಿ ದೀಪ ಹೊತ್ತಿಕೊಳ್ಳುವುದು ಅವರು ಹೊರಟ ಮೇಲೆಯೇ.

ನೀವು ಹೋದರೆ ಅಷ್ಟು ಬೇಗ ಹೊರಡಬೇಡಿ. ಗೋಪುರ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಬಿಸಿಲು ಇರುವಾಗಲೇ ಹತ್ತಿ ಇಳಿದು, ಕತ್ತಲಾಗುವವರೆಗೆ ಮರಳಿನ ಮೇಲೆ ಕುಳಿತಿರಿ. ಬಂಡೆಯ ಸಂದಿನ ನೀರಿಗೆ ಮಾತ್ರ ಇಳಿಯಬೇಡಿ, ಅಲ್ಲಿನ ಸೆಳೆತ ಕೆಟ್ಟದ್ದು.