ಒಂಟಿ ಪೈಪು, ಜೋಡಿ ಪೈಪು

ಹೊಸಪೇಟೆಯಲ್ಲಿ ಅದಿರು ಲಾರಿಗಳ ಭರಾಟೆ ಜೋರಾಗಿದ್ದ ವರ್ಷಗಳಲ್ಲಿ ನಾನು ರಸ್ತೆ ಬದಿಯ ಒಂದು ಸೈಲೆನ್ಸರ್ ಗ್ಯಾರೇಜಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಚೀನಾದವರು ಎಷ್ಟಿದ್ದರೂ ಕೊಳ್ಳುತ್ತಿದ್ದ ಕಾಲ. ಸಂಡೂರಿನ ಗುಡ್ಡ ಇಳಿದ ಲಾರಿಗಳು ಬೇಲೆಕೇರಿ, ಕಾರವಾರ, ಕೃಷ್ಣಪಟ್ಟಣಂ ಬಂದರುಗಳ ದಾರಿ ಹಿಡಿಯುತ್ತಿದ್ದವು. ಮರ, ಅಂಗಡಿಯ ಬೋರ್ಡು, ನನ್ನ ಲೆಕ್ಕದ ಪುಸ್ತಕದ ಹಾಳೆ, ಅದಿರಿನ ಧೂಳಿಗೆ ಎಲ್ಲವೂ ಕೆಂಪು. ಹೊಸ ಟಿಪ್ಪರ್ ಕೊಂಡ ಹುಡುಗರು ಹಾರನ್ನು, ಸ್ಟಿಕ್ಕರು ಮುಗಿಸಿಕೊಂಡು ನಮ್ಮಲ್ಲಿಗೆ ಬಂದರೆ ಕೇಳುತ್ತಿದ್ದುದು ಒಂದೇ: "ಡಬಲ್ ಸೈಲೆನ್ಸರ್ ಮಾಡಿಕೊಡ್ರಿ."

ಮೇಸ್ತ್ರಿ ಸುಲಭಕ್ಕೆ ಒಪ್ಪುವವರಲ್ಲ. ಮೊದಲು ಲಾರಿಯ ಕೆಳಗೆ ತೆವಳಿ ನೋಡುತ್ತಿದ್ದರು. ಬರುತ್ತಿದ್ದ ಟಾಟಾ, ಲೇಲ್ಯಾಂಡ್‌ಗಳಲ್ಲಿ ಹೆಚ್ಚಿನವು ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತವು. ಹೊಗೆ ಒಂದೇ ಮಗ್ಗುಲಿಂದ ಹೊರಬಂದು, ಟರ್ಬೋ ದಾಟಿ, ಒಂದೇ ಪೈಪಿಗೆ ಇಳಿಯುತ್ತದೆ. ಅಮೆರಿಕದ ಪಿಕಪ್ಪುಗಳ ವಿ-8 ಎಂಜಿನ್ನಿಗಾದರೆ ಎರಡು ಮಗ್ಗುಲು, ಹಾಗಾಗಿ ಎರಡು ಪೈಪಿಗೂ ಅರ್ಥವಿದೆ. ನಮ್ಮ ಲಾರಿಯಲ್ಲಿ ಒಂದಾಗಿ ಬಂದ ಹೊಗೆಯನ್ನು ಬಾಲದಲ್ಲಿ ಸೀಳಿ ಎಂಜಿನ್ನಿಗೆ ಆಗುವ ಲಾಭ ಏನೂ ಇಲ್ಲ. ಹೊಗೆ ಸಲೀಸಾಗಿ ಹೋಗಬೇಕಾದರೆ ಪೈಪು ಅಗಲವಾಗಲಿ, ತಿರುವು ಕಡಿಮೆಯಾಗಲಿ ಅನ್ನುತ್ತಿದ್ದರು. ಎರಡೂವರೆ ಇಂಚಿನ ಎರಡು ಪೈಪಿಗೆ ಮೂರೂವರೆ ಇಂಚಿನ ಒಂದು ಪೈಪು ಹೆಚ್ಚುಕಡಿಮೆ ಸಮ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಸುತ್ತು ಎಳೆದು ತೋರಿಸುತ್ತಿದ್ದರು. ಎರಡು ಪೈಪು ಕಟ್ಟಿದರೆ ಕೂಲಿ ಅವರಿಗೇ ಹೆಚ್ಚು ಸಿಗುತ್ತಿತ್ತು. ಆದರೂ "ಒಂದೇ ಸಾಕು" ಅನ್ನುತ್ತಿದ್ದರು. ಆ ಮಾತಿನ ಮೇಲೆ ನನಗೆ ಇವತ್ತಿಗೂ ಗೌರವ.

ಎಲ್ಲೋ ಕಟ್ಟಿಸಿಕೊಂಡು ಬಂದ ಜೋಡಿ ಪೈಪಿನ ಲಾರಿಯೊಂದು ಬಂದಾಗ ಎರಡೂ ಬಾಯೊಳಗೆ ಬೆರಳಾಡಿಸು ಎಂದರು. ಬಲಗಡೆಯ ಮಸಿ ಒಣಗಿ ಬೂದು ಬಣ್ಣಕ್ಕಿತ್ತು. ಎಡಗಡೆಯದು ಕಪ್ಪು, ಒದ್ದೆ, ಬೆರಳಿಗೆ ಅಂಟುವಂಥದ್ದು. ಎಡಗಡೆಯ ಪೈಪಿಗೆ ತಿರುವು ಜಾಸ್ತಿ. ಹೊಗೆ ಸಲೀಸಾದ ದಾರಿಯನ್ನೇ ಹಿಡಿದಿತ್ತು. ಸರಿಯಾಗಿ ಕಾಯದ ಪೈಪಿನಲ್ಲಿ ಹೊಗೆಯ ಆವಿ ನೀರಾಗಿ ನಿಂತು ಒಳಗಿಂದಲೇ ತುಕ್ಕು ತಿನ್ನುತ್ತದೆ. ಸುತ್ತಿಗೆಯಲ್ಲಿ ತಟ್ಟಿದರೆ ಬಲಕ್ಕೆ ಠಣ್ ಎಂದಿತು, ಎಡಕ್ಕೆ ಬರೀ ಬೊದ್ದು ಸದ್ದು.

ಕಾನೂನಿನ ಮಾತೂ ಇತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 112ನೆಯದು ಹೊಗೆಯನ್ನು ಕೆಳಕ್ಕಾಗಲಿ ಎಡಕ್ಕಾಗಲಿ ಬಿಡಬಾರದು, ಹಿಂದಕ್ಕೋ ಬಲಕ್ಕೋ ಬಿಡಬೇಕು ಅನ್ನುತ್ತದೆ. ಮೇಸ್ತ್ರಿಗೆ ನಿಯಮದ ನಂಬರು ಗೊತ್ತಿರಲಿಲ್ಲ. "ಎಡಕ್ಕೆ ಜನ ನಡೀತಾರಪ್ಪ" ಅನ್ನುತ್ತಿದ್ದರು, ಅಷ್ಟೆ. ಹಟ ಹಿಡಿದವರಿಗೆ ಜೋಡಿ ಪೈಪು ಕಟ್ಟಿದರೂ ಎರಡರ ಬಾಯಿಯೂ ಹಿಂದಕ್ಕೇ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗುಡ್ಡಗಳ ಗತಿ ನೋಡಿದವರಿಗೆ ಅದು ಬೇಕಾಗಿಯೇ ಇತ್ತು. ಸಾಲಸೋಲ ಮಾಡಿ ಲಾರಿ ಕೊಂಡವರು ಮಾತ್ರ ಕಂತು ಕಟ್ಟಲಾಗದೆ ಕಂಗೆಟ್ಟರು. ಖಾಲಿ ಜಾಗಗಳಲ್ಲಿ ಟಿಪ್ಪರುಗಳು ಸಾಲಾಗಿ ಮಳೆ ನೆನೆದವು. ನಿಂತ ಲಾರಿಗೆ ಮೊದಲು ಹಾಳಾಗುವುದರಲ್ಲಿ ಸೈಲೆನ್ಸರೂ ಒಂದು. ಆದರೂ ರಿಪೇರಿಗೆ ಯಾರೂ ತರಲಿಲ್ಲ.

ಗಣಿಗಳು ಒಂದೊಂದಾಗಿ ಮತ್ತೆ ತೆರೆದವು. ಅಷ್ಟರಲ್ಲಿ ಲಾರಿಯೇ ಬದಲಾಗತೊಡಗಿತ್ತು. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ. ಈಗ ಸೈಲೆನ್ಸರ್ ಇರುತ್ತಿದ್ದ ಜಾಗದಲ್ಲಿ ದೊಡ್ಡದೊಂದು ಡಬ್ಬ ಕೂತಿದೆ. ಮಸಿ ಹಿಡಿಯುವ ಫಿಲ್ಟರು ಅದರೊಳಗೆ; ನೈಟ್ರೋಜನ್ ಆಕ್ಸೈಡುಗಳನ್ನು ಮುರಿಯಲು ಶೇ. 32.5ರಷ್ಟು ಯೂರಿಯಾ ಬೆರೆತ ನೀರನ್ನು ಹೊಗೆಗೆ ಸಿಂಪಡಿಸುವ ವ್ಯವಸ್ಥೆ ಬೇರೆ. ಹಿಂದೆ ಮುಂದೆ ಸೆನ್ಸರುಗಳು. ಯಾವ ಪೈಪು, ಎಷ್ಟು ಅಗಲ, ಎಲ್ಲಿ ಬಾಯಿ ಎಂಬುದೆಲ್ಲ ಕಾರ್ಖಾನೆಯಲ್ಲೇ ತೀರ್ಮಾನ. ಕೊಯ್ದು ಬೆಸೆದರೆ ದೀಪ ಹತ್ತಿ ಎಂಜಿನ್ ತನ್ನ ಶಕ್ತಿ ತಾನೇ ಇಳಿಸಿಕೊಳ್ಳುತ್ತದೆ. ಊರಿನ ಗಾಳಿಗೆ ಇದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಕೆಂಪು ಧೂಳಿನ ಜೊತೆಗೆ ಕರಿ ಹೊಗೆಯನ್ನೂ ಉಸಿರಾಡಿದ ಊರು ಇದು.

ಗ್ಯಾರೇಜು ಇನ್ನೂ ಇದೆ. ಟ್ರ್ಯಾಕ್ಟರು, ಜನರೇಟರು, ಹಳೇ ಲಾರಿಗಳು ಬರುತ್ತವೆ. ಹೊಸ ಲಾರಿಯವರು ನಿಲ್ಲಿಸುವುದು ಮುರಿದ ಬ್ರಾಕೆಟ್ಟಿಗೋ ಸಡಿಲಾದ ಕ್ಲಾಂಪಿಗೋ. ಅಷ್ಟಕ್ಕೂ ಮೇಸ್ತ್ರಿ ಮೊದಲು ಬ್ಯಾಟರಿಯ ತಂತಿ ಬಿಚ್ಚಿಸುತ್ತಾರೆ. ಬೆಸುಗೆಯ ಕರೆಂಟು ಹರಿದು ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಯು, ಸುಟ್ಟರೆ ಡ್ರೈವರನ ತಿಂಗಳುಗಟ್ಟಲೆ ದುಡಿಮೆ ಅದರ ರಿಪೇರಿಗೇ ಹೋಗುತ್ತದೆ ಎಂಬುದು ಅವರಿಗೆ ಗೊತ್ತು.